ಎದುರಿನವರ ಮಾತು ಮೊದಲು

ಬೆಳಿಗ್ಗೆ ದೀಪ ಹಚ್ಚುವಾಗ ಪಕ್ಕದ ಮನೆಯಿಂದ ನೆನೆಹಾಕಿದ ಬೀಡಿ ಎಲೆಯ ವಾಸನೆ ಬಂದರೆ, ಅಜ್ಜಿಯನ್ನೂ ನೆನೆದು ಕೈ ಮುಗಿಯುತ್ತೇನೆ.

ಕಾರ್ಕಳದಲ್ಲಿ ನನ್ನ ಏಳನೆಯ ತರಗತಿ ಮುಗಿಯುತ್ತಿತ್ತು. ಇನ್ನು ಶಾಲೆ ಸಾಕು, ಬೀಡಿ ಕಟ್ಟಲಿ ಎಂದು ಅಜ್ಜಿ ತೀರ್ಮಾನಿಸಿದ್ದರು. ಆ ವಾರವೇ ಟೀಚರ್ ಚರ್ಚಾಸ್ಪರ್ಧೆಗೆ ಹೇಳಿಕೊಟ್ಟಿದ್ದರು: "ಮೊದಲು ಎದುರಿನವರ ಮಾತನ್ನು ಅವರಿಗಿಂತ ಚೆಂದವಾಗಿ ಹೇಳಿ. ಆಮೇಲೆ ನಿಮ್ಮ ಕಾರಣ, ಅದಕ್ಕೆ ಅವರೇ ಕಂಡ ಉದಾಹರಣೆ."

ಶನಿವಾರ ಮಧ್ಯಾಹ್ನ ದೇವರನ್ನು ನೆನೆದು, ಬೀಡಿ ಎಲೆಯ ಗೆರಸೆ ಮಡಿಲಲ್ಲಿಟ್ಟುಕೊಂಡು ಅಜ್ಜಿಯ ಪಕ್ಕ ಕುಳಿತೆ.

"ಅಜ್ಜಿ, ನೀವು ಹೇಳುವುದು ಸರಿಯೇ. ಹೈಸ್ಕೂಲು ದೂರ ಉಂಟು. ಅಮ್ಮನೊಬ್ಬಳಿಂದ ಇಷ್ಟು ಎಲೆ ಮುಗಿಯುವುದಿಲ್ಲ."

ಎಲೆ ಕತ್ತರಿಸುತ್ತಿದ್ದ ಅಜ್ಜಿಯ ಕತ್ತರಿ ನಿಂತಿತು. "ಮತ್ತೆ ಎಂತ?"

"ಸಂಜೆ ನಿಮಗೆ ಪುರಾಣ ಓದುವುದು ನಾನಲ್ವಾ? ಕಷ್ಟದ ಶಬ್ದ ಬಂದರೆ ಹಾರಿಸುತ್ತೇನೆ. ದೇವರ ಕಥೆ ಅರ್ಧ ನುಂಗಿಬಿಟ್ಟೆ ಎಂದು ನಿನ್ನೆ ನೀವೇ ಬೈದಿರಿ. ಈಗಲೇ ಶಾಲೆ ಬಿಟ್ಟರೆ ಆ ಅರ್ಧ ಓದುವುದು ಯಾರು?"

ಅಲ್ಲೇ ಬೀಡಿ ಕಟ್ಟುತ್ತಿದ್ದ ಅಮ್ಮ ತಲೆ ತಗ್ಗಿಸಿ ನಗು ಅಡಗಿಸಿದಳು.

"ನನ್ನ ಬೈಗುಳವನ್ನೇ ತಂದು ನನ್ನ ಮುಂದೆ ಇಟ್ಟೆಯಲ್ಲ ಮಾರಾಯ್ತಿ," ಎಂದರು ಅಜ್ಜಿ.

ಆಮೇಲೆ ನನ್ನ ಗೆರಸೆಯ ಎಲೆಯನ್ನೆಲ್ಲ ಬಾಚಿ ತಮ್ಮ ಗೆರಸೆಗೆ ಸುರಿದುಕೊಂಡರು.

"ಕೈ ತೊಳೆದು ಪುಸ್ತಕ ತಾ. ಇವತ್ತು ಒಂದು ಶಬ್ದವನ್ನೂ ಬಿಡಬಾರದು."