ಕಾವಲಿಯ ಮೇಲಿನ ಆಂಟೆನಾ

"ದೋಸೆ ಕಾವಲಿಯನ್ನು ಮಾಡಿನ ಮೇಲೆ ಇಟ್ಟದ್ದಾ? ನಿಮ್ಮ ಮಂಡೆ ಸಮ ಉಂಟಾ?" ವಾರಿಜ ಅಂಗಳದಿಂದಲೇ ಗಂಡನ ಮೇಲೆ ಹರಿಹಾಯ್ದಳು.

"ವೈರ್‌ಲೆಸ್ ಆಂಟೆನಾದ ಕೆಳಗೆ ಕಬ್ಬಿಣ ಬೇಕು ಮಾರಾಯ್ತಿ. ಮಾಡಿನ ಹಂಚಿಗೆ ಇದರ ಆಯಸ್ಕಾಂತ ಕಚ್ಚುತ್ತದಾ? ಕಡಲಿಗೆ ಹೋದ್ರೆ ನನ್ನ ಸುದ್ದಿಯೇ ಇಲ್ಲ ಅಂತ ಅತ್ತದ್ದು ನೀನೇ ಅಲ್ವಾ?"

"ದೋಣಿಯದ್ದನ್ನೇ ಕಿತ್ತು ತಂದದ್ದಲ್ಲ ತಾನೇ?"

"ಹೊಸತು! ನಿನ್ನ ಬಾಯಿಗಿಂತ ಆ ಕಡಲೇ ವಾಸಿ!" ಶೀನ ಕೆಳಗಿಳಿದು ಏಣಿಯನ್ನು ಒದ್ದು, ಬಲೆ ಹೊತ್ತು ನಡೆದೇಬಿಟ್ಟ.

ಸಂಜೆ ಗಾಳಿ ಎದ್ದಿತು. ಮನೆಯ ವೈರ್‌ಲೆಸ್‌ನಲ್ಲಿ ಬೇರೆ ದೋಣಿಯವರ ಕೂಗು ಪಕ್ಕದ ಮನೆಯದೆಂಬಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು: "ಶೀನಣ್ಣ, ತಿರುಗಿ ಬಾ! ಶೀನಣ್ಣ, ಕೇಳ್ತದಾ?" ಉತ್ತರವಿರಲಿಲ್ಲ. ಎಲ್ಲರೂ ದಡ ಸೇರಿದರು; ಅವನೊಬ್ಬ ಬರಲಿಲ್ಲ.

ಹುಡುಕಾಟ ನಿಂತ ದಿನ ವಾರಿಜ ಏಣಿ ಹತ್ತಿ ಆಂಟೆನಾವನ್ನು ಕಾವಲಿಯಿಂದ ಕಿತ್ತಳು. ಆಯಸ್ಕಾಂತದ ತಳದಲ್ಲಿ ಅವರ ದೋಣಿಯ ನೀಲಿ ಬಣ್ಣದ ಚಕ್ಕೆ ಅಂಟಿಕೊಂಡಿತ್ತು.