ಗೆಲ್ಲುವವರಿಗೂ ಒಂದು ಚೀಟಿ

ಬಾಜಿ ಕಟ್ಟಿಸಿಕೊಳ್ಳುವವರೆಲ್ಲ ಕೊರಳಿಗೆ ಸತ್ಯದ ದೀಪ ಹಾಕಿಕೊಳ್ಳಬೇಕೆಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ಸುಳ್ಳಾಡಿದರೆ ದೀಪ ಕೆಂಪಾಗುತ್ತಿತ್ತು.

ಬೆಂಗ್ರೆಯ ಬಾಜಿ ಅಂಗಡಿಯ ಗುಮಾಸ್ತ ಅಶ್ರಫ್‌ಗೆ ಆ ಭಾನುವಾರ ಕಿಟಕಿಯಾಚೆ ವಾರಿಜಕ್ಕನನ್ನು ಕಂಡೊಡನೆ ಬೆವರಿಳಿಯಿತು. ಮೀನು ಮಾರುವ ಈ ಹೆಂಗಸು ದಿನಾ ಸಂಜೆ ಮರಳಿನ ಮೇಲೆ ಹುಡುಗರ ಫುಟ್‌ಬಾಲ್ ಅಭ್ಯಾಸ ನೋಡಿ, ಯಾರ ಮಂಡಿ ನೋಯುತ್ತಿದೆಯೆಂದು ತಿಳಿದುಕೊಂಡು, ಆರು ವಾರದಿಂದ ಬಿಡದೆ ಬಾಜಿ ಗೆಲ್ಲುತ್ತಿದ್ದಳು.

"ಚೀಟಿ ಪುಸ್ತಕ ಮುಗಿದಿದೆ, ವಾರಿಜಕ್ಕ."

ದೀಪ ಕೆಂಪಾಯಿತು.

"ಅಲ್ಲ, ಇವತ್ತು ಆಟವೇ ಇಲ್ಲ."

ದೀಪ ಕೆಂಡದಂತಾಯಿತು. ಹಿಂದೆ ನಿಂತ ಸಾಲು ಗೊಳ್ಳೆಂದು ನಕ್ಕಿತು.

"ನಿಜ ಹೇಳು ಮಾರಾಯ, ನನ್ನ ಮೀನು ಹಾಳಾಗ್ತದೆ."

ಅಶ್ರಫ್ ತಲೆ ತಗ್ಗಿಸಿದ. "ಸೋಲುವವರು ಎಷ್ಟು ಕಟ್ಟಿದರೂ ತೆಗೆದುಕೋ, ಗೆಲ್ಲುವವರನ್ನು ಏನಾದರೂ ಹೇಳಿ ಸಾಗಹಾಕು ಅಂತ ಧಣಿಗಳು ಹೇಳಿದ್ದಾರೆ."

ದೀಪ ಹಸಿರಾಯಿತು. ಈಗ ಯಾರೂ ನಗಲಿಲ್ಲ. ಕೆಲಸ ಹೋದರೂ ಹೋಗಲಿ ಎನ್ನಿಸಿ ಅಶ್ರಫ್‌ನ ಎದೆ ಹಗುರಾಯಿತು. ಅವನು ಪೆನ್ನು ಎತ್ತಿಕೊಂಡ.

"ಯಾವ ತಂಡಕ್ಕೆ ಅಕ್ಕ?"

"ಅಳಿವೆಬಾಗಿಲಿಗೆ."

"ನನಗೂ ಅದೇ!" ಎಂದು ಸಾಲಿಗೆ ಸಾಲೇ ಕೂಗಿತು. ಕೈ ಸೋಲುವವರೆಗೆ ಚೀಟಿ ಬರೆದ ಅಶ್ರಫ್, ಕೊನೆಯ ಚೀಟಿಯಲ್ಲಿ ತನ್ನದೇ ಹೆಸರು ಬರೆದುಕೊಂಡ.