ಅಂಬಿಕಾಳ ಉಸಿರು

ಎದೆ ತುಂಬ ಉಸಿರೆಳೆದರೆ ಸಾಕು, ಆ ಊರಿನ ಮಕ್ಕಳು ನೆಲ ಬಿಟ್ಟು ತೇಲುತ್ತಿದ್ದರು. ಆಸ್ತಮಾದ ಅಂಬಿಕಾ ಮಾತ್ರ ಕೆಳಗೆ ನಿಂತು ಗೆಳತಿಯರ ಸೊಂಟದ ಹಗ್ಗ ಹಿಡಿಯುವವಳು. ಅವ್ವ ಗಿರಿಜಾ ಗಿರಣಿಯ ಕೆಲಸ ಮುಗಿಸಿ, ಕಣ್ಣೆಳೆಯುತ್ತಿದ್ದರೂ, ಅವಳನ್ನು ಆಸ್ಪತ್ರೆಯ ವ್ಯಾಯಾಮಕ್ಕೆ ಕರೆತರುತ್ತಿದ್ದಳು. ಮಗಳು ತೇಲುತ್ತಾಳೆಂಬ ಆಸೆ ಮಾತ್ರ ಸವೆದಿತ್ತು.

ಇವತ್ತು ಇನ್ಹೇಲರ್ ಎಳೆದುಕೊಂಡು, ಮೆಟ್ಟಿಲು ಹತ್ತಿಳಿದು, ಅಂಬಿಕಾ ನಿಧಾನವಾಗಿ ಉಸಿರು ತುಂಬಿಕೊಂಡಳು. ಹಿಮ್ಮಡಿ ಎದ್ದಿತು, ಕಾಲ್ಬೆರಳುಗಳೂ ನೆಲ ಬಿಟ್ಟವು.

“ಅಕ್ಕಾರ, ಹಗ್ಗ ಎಲ್ಲೈತ್ರೀ?” ವ್ಯಾಯಾಮ ಕಲಿಸುವ ಮಾಬುಬಿ ಕೂಗಿದಳು.

“ತಂದೇ ಇಲ್ರೀ! ಇದು ಹಾರತೈತಂತ ಯಾರಿಗೆ ಗೊತ್ತಿತ್ತು?” ಎಂದಳು ಗಿರಿಜಾ.

“ಅವ್ವಾ, ಫ್ಯಾನಿನ ಮ್ಯಾಲ ಎಷ್ಟ್ ಧೂಳೈತಿ!” ಎಂದಳು ಅಂಬಿಕಾ, ಸೂರಿನ ಹತ್ತಿರದಿಂದ.

“ಧೂಳ ಮುಟ್ಟಿದ್ರ ಕಾಲ ಮುರೀತೀನಿ, ಇಳೀ ಕೆಳಗ!” ಗಿರಿಜಾ ನಗುತ್ತಲೇ ಗದರಿದಳು. ಮಗಳನ್ನು ಬೈಯಲು ಅವಳು ಕತ್ತೆತ್ತಿದ್ದು ಅದೇ ಮೊದಲು.